ಐದನೇ ತಿಂಗಳ ಸ್ಕ್ಯಾನ್‌ಗೆ ಪ್ರೈವೇಟ್ ಸೆಂಟರ್‌ಗೆ ಹೊರಟವರಿಗೆ

ಪ್ರಶ್ನೆ: ನನಗೆ 24 ವರ್ಷ. ಅರಸೀಕೆರೆ ತಾಲ್ಲೂಕಿನ ಒಂದು ಹಳ್ಳಿ ನಮ್ಮದು. ಮೊದಲ ಬಸಿರು, ಈಗ 17 ವಾರ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ತೋರಿಸಿಕೊಳ್ಳುತ್ತಿದ್ದೇನೆ, ತಾಯಿ ಕಾರ್ಡ್ ಇದೆ. ಎಂಟನೇ ವಾರದಲ್ಲಿ ಒಂದು ಸ್ಕ್ಯಾನ್ ಆಗಿತ್ತು. ಐದು ನಿಮಿಷದಲ್ಲಿ ಮುಗಿಸಿದರು, ಏನೂ ಹೇಳಲಿಲ್ಲ. ಮೂರನೇ ತಿಂಗಳ ಸ್ಕ್ಯಾನ್ ನಾವು ಮಾಡಿಸಲೇ ಇಲ್ಲ. ಈಗ ಹಾಸನದ ಪ್ರೈವೇಟ್ ಸೆಂಟರ್‌ನಲ್ಲಿ ಅನಾಮಲಿ ಸ್ಕ್ಯಾನ್ ಮಾಡಿಸಿಕೊಂಡು ಬನ್ನಿ ಎಂದಿದ್ದಾರೆ. ಅತ್ತೆಯವರು "ಜಾಸ್ತಿ ಸ್ಕ್ಯಾನ್ ಮಾಡಿಸಿದರೆ ಮಗುವಿಗೆ ಪೆಟ್ಟು, ಸೀಮಂತ ಆಗಲಿ ನೋಡೋಣ" ಎನ್ನುತ್ತಾರೆ. ಪಕ್ಕದ ಮನೆಯ ಅಕ್ಕನ ರಿಪೋರ್ಟ್‌ನಲ್ಲಿ ಮಗುವಿನ ಹೃದಯದಲ್ಲಿ ಚುಕ್ಕೆ ಎಂದು ಬಂದಿತ್ತು, ತಿಂಗಳೆಲ್ಲ ಅತ್ತರು. ನನಗೂ ಭಯ. ಅಲ್ಲಿ ಏನು ಮಾಡುತ್ತಾರೆ? ನೋವಾಗುತ್ತದಾ? ಫೋರ್‌ಡಿ ಮಾಡಿಸಬೇಕಾ? ಎಷ್ಟು ಖರ್ಚು? (ಹೆಸರು ಬೇಡ)

ಉತ್ತರ: ಮೊದಲ ಮಾತು, ಸೀಮಂತದವರೆಗೆ ಕಾಯಬೇಡಿ. ಸೀಮಂತ ನೀವು ಏಳನೇ ತಿಂಗಳಿಗೋ ಒಂಬತ್ತಕ್ಕೋ ಮಾಡುತ್ತೀರಿ. ಅಷ್ಟು ಹೊತ್ತಿಗೆ ಈ ಸ್ಕ್ಯಾನ್‌ನ ಕಾಲ ಮೀರಿರುತ್ತದೆ. ನನ್ನ ಬಳಿ ಹಾಗೆ ಬಂದವರು ಒಬ್ಬಿಬ್ಬರಲ್ಲ. "ಶುಭಕಾರ್ಯ ಮುಗಿಸಿಕೊಂಡು ಬಂದ್ವಿ ಡಾಕ್ಟ್ರೇ" ಎನ್ನುತ್ತಾರೆ. ಹೆಚ್ಚಿನವರಿಗೆ ಏನೂ ತೊಂದರೆ ಇರುವುದಿಲ್ಲ, ನಿಜ. ತೊಂದರೆ ಇದ್ದವರ ಎದುರು ಕೂತು "ಇನ್ನೂ ಎರಡು ತಿಂಗಳು ಮುಂಚೆ ಬಂದಿದ್ದರೆ" ಎಂದು ಹೇಳುವುದಿದೆಯಲ್ಲ, ಅದಕ್ಕಿಂತ ಕಷ್ಟದ ಕೆಲಸ ನನ್ನ ವೃತ್ತಿಯಲ್ಲಿ ಇನ್ನೊಂದಿಲ್ಲ. ನಿಮಗೀಗ 17 ವಾರ. ಸಮಯ ಚೆನ್ನಾಗಿದೆ. 19ನೇ ವಾರದಲ್ಲಿ ಒಂದು ದಿನ ಗೊತ್ತು ಮಾಡಿಕೊಳ್ಳಿ.

ಸ್ಕ್ಯಾನ್ ಎಷ್ಟು ಸಲ ಎನ್ನುವುದಕ್ಕಿಂತ ಯಾವ ವಾರದಲ್ಲಿ ಎನ್ನುವುದು ಮುಖ್ಯ. ಒಂದೊಂದು ಸ್ಕ್ಯಾನ್‌ಗೂ ಒಂದೊಂದು ಪ್ರಶ್ನೆ ಇರುತ್ತದೆ. ಆ ಪ್ರಶ್ನೆಗೆ ಉತ್ತರ ಸಿಗುವ ವಾರ ಬೇರೆ ಬೇರೆ. "ಈ ಸ್ಕ್ಯಾನ್ ಯಾತಕ್ಕೆ?" ಎಂದು ಕೇಳಿಕೊಂಡು ಹೋದರೆ ಅರ್ಧ ಭಯ ಕಡಿಮೆಯಾಗುತ್ತದೆ.

ನಿಮ್ಮ ಎಂಟನೇ ವಾರದ ಸ್ಕ್ಯಾನ್ ಕೇಳಿದ್ದು ಮೂರೇ ಪ್ರಶ್ನೆ. ಬಸಿರು ಗರ್ಭಕೋಶದ ಒಳಗೇ ನಿಂತಿದೆಯಾ, ಹಾರ್ಟ್‌ಬೀಟ್ ಬಂದಿದೆಯಾ, ಒಂದು ಮಗುವಾ ಎರಡಾ. ಇದಕ್ಕೆ ಐದು ನಿಮಿಷ ಸಾಕು. ಮಾತಾಡಲಿಲ್ಲ ಎಂದು ನಿಮಗೆ ನೋವಾಗಿದೆ, ಅದು ನ್ಯಾಯವೇ. ಆದರೆ ಆ ಐದು ನಿಮಿಷದಲ್ಲಿ ನಿಮಗೆ ತುಂಬಾ ಬೆಲೆಯ ಒಂದು ವಸ್ತು ಸಿಕ್ಕಿದೆ. ಅದು ತಾರೀಖು. ಆ ವಯಸ್ಸಿನಲ್ಲಿ ಮಗುವಿನ ಉದ್ದ ಅಳೆದರೆ ಹೆರಿಗೆಯ ದಿನವನ್ನು ಐದಾರು ದಿನಗಳ ಅಂತರದಲ್ಲಿ ಹೇಳಬಹುದು. ಮುಂದೆ ಮಾಡುವ ಯಾವ ಸ್ಕ್ಯಾನ್‌ಗೂ ಆ ಶಕ್ತಿ ಇಲ್ಲ. ಏಳನೇ ತಿಂಗಳ ರಿಪೋರ್ಟ್‌ನಲ್ಲಿ ಒಂದು ತಾರೀಖು, ಒಂಬತ್ತನೇ ತಿಂಗಳ ರಿಪೋರ್ಟ್‌ನಲ್ಲಿ ಇನ್ನೊಂದು ತಾರೀಖು ಅಚ್ಚಾಗಿ ಬರುತ್ತದೆ. "ಡೇಟ್ ಬದಲಾಯ್ತು" ಎಂದು ಮನೆಯಲ್ಲಿ ಗಲಿಬಿಲಿ ಶುರುವಾಗುತ್ತದೆ. ಬದಲಾಗಿರುವುದಿಲ್ಲ. ಯಂತ್ರ ಆ ದಿನದ ಮಗುವಿನ ಗಾತ್ರ ನೋಡಿ ಲೆಕ್ಕ ಹಾಕಿರುತ್ತದೆ, ಅಷ್ಟೆ. ಮೊದಲ ಸ್ಕ್ಯಾನ್‌ನಲ್ಲಿ ಗೊತ್ತು ಮಾಡಿದ ದಿನವೇ ಕೊನೆಯವರೆಗೂ ನಿಮ್ಮ ದಿನ. ಆ ಹಾಳೆಯನ್ನು ಪ್ಲಾಸ್ಟಿಕ್ ಕವರ್‌ನಲ್ಲಿ ಹಾಕಿ ತಾಯಿ ಕಾರ್ಡ್ ಜೊತೆಯಲ್ಲೇ ಇಡಿ.

ಮೂರನೇ ತಿಂಗಳದ್ದು ತಪ್ಪಿಹೋಯಿತು ಎಂದಿರಲ್ಲ, ಅದು ಎನ್‌ಟಿ ಸ್ಕ್ಯಾನ್. 11 ವಾರದಿಂದ 13 ವಾರ 6 ದಿನದ ಒಳಗೆ ಮಾತ್ರ ಮಾಡುವಂಥದ್ದು. ಮಗುವಿನ ಕುತ್ತಿಗೆಯ ಹಿಂದೆ ಚರ್ಮದ ಕೆಳಗಿರುವ ತೆಳ್ಳನೆಯ ನೀರಿನ ಪದರವನ್ನು ಅದರಲ್ಲಿ ಅಳೆಯುತ್ತಾರೆ. ಅದರ ಜೊತೆಗೆ ಡಬಲ್ ಮಾರ್ಕರ್ ಎಂಬ ರಕ್ತ ಪರೀಕ್ಷೆ ಸೇರಿಸಿದರೆ, ಡೌನ್ ಸಿಂಡ್ರೋಮ್ (ಹುಟ್ಟಿನಿಂದಲೇ ಬರುವ, ಬುದ್ಧಿಯ ಬೆಳವಣಿಗೆ ನಿಧಾನವಾಗುವ ಸ್ಥಿತಿ) ಇರುವ 100 ಮಕ್ಕಳಲ್ಲಿ 85ರಿಂದ 90 ಮಕ್ಕಳ ಬಗ್ಗೆ ಮುಂಚೆಯೇ ಸುಳಿವು ಸಿಗುತ್ತದೆ. ತಪ್ಪಿದ್ದಕ್ಕೆ ಈಗ ಕೊರಗಬೇಡಿ. ಕ್ವಾಡ್ರುಪಲ್ ಎಂಬ ಇನ್ನೊಂದು ರಕ್ತ ಪರೀಕ್ಷೆ ಇದೆ. ಅದನ್ನು 15ರಿಂದ 20 ವಾರದೊಳಗೆ ಮಾಡಬಹುದು, ನೀವು ಆ ಅವಧಿಯಲ್ಲೇ ಇದ್ದೀರಿ. ಹಿಡಿಯುವ ಪ್ರಮಾಣ ಸ್ವಲ್ಪ ಕಡಿಮೆ. ಆದರೂ ನಿಮಗೆ ಬೇಕಾ ಬೇಡವಾ ಎಂದು ಈ ವಾರವೇ ನಿಮ್ಮ ಡಾಕ್ಟರ ಹತ್ತಿರ ಮಾತಾಡಿ. ಇನ್ನು ಮೂರ್ನಾಲ್ಕು ವಾರ ಬಿಟ್ಟು ಕೇಳಿದರೆ ಅದೂ ತಪ್ಪಿಹೋಗುತ್ತದೆ. ಈ ಪರೀಕ್ಷೆಗಳು ಹೇಳುವುದು "ಸಾಧ್ಯತೆ ಇಷ್ಟು" ಎಂದು ಮಾತ್ರ, ಇದೆ ಅಥವಾ ಇಲ್ಲ ಎಂದಲ್ಲ. ಖಚಿತವಾಗಿ ತಿಳಿಯಬೇಕಾದರೆ ಮಗುವಿನ ಸುತ್ತಲಿನ ನೀರನ್ನು ಸೂಜಿಯಿಂದ ತೆಗೆದು ನೋಡುವ ಪರೀಕ್ಷೆ ಬೇರೆ ಇದೆ. ಅದು ಎಲ್ಲರಿಗೂ ಬೇಕಾಗುವುದಿಲ್ಲ.

ಈಗ ನೀವು ಹೋಗಬೇಕಾಗಿರುವ ಸ್ಕ್ಯಾನ್‌ಗೆ ಬರೋಣ.

ಅನಾಮಲಿ ಸ್ಕ್ಯಾನ್ ಕೇಳುವ ಪ್ರಶ್ನೆ ದೊಡ್ಡದು. ಮಗುವಿನ ಅಂಗಗಳೆಲ್ಲ ಇರಬೇಕಾದ ಜಾಗದಲ್ಲಿ, ಇರಬೇಕಾದ ರೀತಿಯಲ್ಲಿ ಇವೆಯಾ? 18ರಿಂದ 20 ವಾರ ಇದಕ್ಕೆ ಹದವಾದ ಹೊತ್ತು. ಇದಕ್ಕಿಂತ ಮುಂಚೆ ಹೃದಯ ತುಂಬಾ ಚಿಕ್ಕದು, ಸರಿಯಾಗಿ ಕಾಣುವುದಿಲ್ಲ. ತುಂಬಾ ತಡವಾದರೆ ಮೂಳೆ ಗಟ್ಟಿಯಾಗಿ ನೆರಳು ಬೀಳುತ್ತದೆ, ಮಗು ಮುದುಡಿಕೊಂಡು ಕೂತುಬಿಡುತ್ತದೆ. ಐದನೇ ತಿಂಗಳಲ್ಲಿ ಸುತ್ತ ನೀರು ಧಾರಾಳವಾಗಿರುತ್ತದೆ, ಮಗು ಆಡಿಕೊಂಡಿರುತ್ತದೆ, ಎಲ್ಲ ಕಡೆಯಿಂದಲೂ ನೋಡಬಹುದು. ಇನ್ನೊಂದು ಕಾರಣವನ್ನೂ ಮುಚ್ಚಿಡದೆ ಹೇಳುತ್ತೇನೆ. ಉಳಿಯಲಾರದಂಥ ದೊಡ್ಡ ತೊಂದರೆ ಏನಾದರೂ ಕಂಡರೆ, ಮುಂದೇನು ಎಂದು ಯೋಚಿಸಲು ತಂದೆತಾಯಿಗೆ ದಿನಗಳು ಬೇಕು. 2021ರಲ್ಲಿ ತಿದ್ದುಪಡಿಯಾದ ಗರ್ಭಪಾತದ ಕಾನೂನಿನ ಪ್ರಕಾರ 20 ವಾರದವರೆಗೆ ಒಬ್ಬ ವೈದ್ಯರ ಒಪ್ಪಿಗೆ ಸಾಕು. 20ರಿಂದ 24 ವಾರದೊಳಗೆ ಕೆಲವು ಕಾರಣಗಳಿಗೆ ಮಾತ್ರ ಅವಕಾಶ, ಇಬ್ಬರು ವೈದ್ಯರ ಒಪ್ಪಿಗೆ ಬೇಕು. ಅದರಾಚೆ ಮಗುವಿನಲ್ಲಿ ಗಂಭೀರ ದೋಷವಿದ್ದರೆ ಮೆಡಿಕಲ್ ಬೋರ್ಡ್, ಅಂದರೆ ತಜ್ಞ ವೈದ್ಯರ ಮಂಡಳಿ, ತೀರ್ಮಾನಿಸಬೇಕು. ಹಾಗಾಗಿ 19 ವಾರಕ್ಕೂ 23 ವಾರಕ್ಕೂ ಬಹಳ ವ್ಯತ್ಯಾಸ ಇದೆ. ನಿಮ್ಮನ್ನು ಹೆದರಿಸಲು ಇದನ್ನು ಹೇಳುತ್ತಿಲ್ಲ. ಅತ್ತೆಯವರಿಗೆ ತಿಳಿಸಿ ಹೇಳಲು ನಿಮಗೆ ಒಂದು ಗಟ್ಟಿ ಕಾರಣ ಇರಲಿ ಎಂದು ಹೇಳುತ್ತಿದ್ದೇನೆ.

ಸೆಂಟರ್‌ನಲ್ಲಿ ಮೊದಲು ಕಾಗದದ ಕೆಲಸ. ಡಾಕ್ಟರ ಚೀಟಿ, ಆಧಾರ್‌ನಂಥ ಗುರುತಿನ ಚೀಟಿ, ತಾಯಿ ಕಾರ್ಡ್ ಕೇಳುತ್ತಾರೆ. ಫಾರ್ಮ್ ಎಫ್ ಎಂಬ ಹಾಳೆ ತುಂಬಿಸುತ್ತಾರೆ. ಅದರಲ್ಲಿ ವಿಳಾಸ, ಕೊನೆಯ ಮುಟ್ಟಿನ ದಿನ, ಈಗಾಗಲೇ ಮಕ್ಕಳಿದ್ದರೆ ಎಷ್ಟು, ಗಂಡಾ ಹೆಣ್ಣಾ ಎಂದೆಲ್ಲ ಇರುತ್ತದೆ. ಕೊನೆಗೆ "ಮಗು ಗಂಡೋ ಹೆಣ್ಣೋ ಎಂದು ತಿಳಿಯಲು ನನಗೆ ಇಷ್ಟವಿಲ್ಲ" ಎಂಬ ಹೇಳಿಕೆಗೆ ನೀವು ಸಹಿ ಹಾಕಬೇಕು. ಹೇಳುವುದೂ ಇಲ್ಲ ಎಂದು ಡಾಕ್ಟರೂ ಬರೆದು ಸಹಿ ಹಾಕುತ್ತಾರೆ. ಪ್ರತಿ ಸ್ಕ್ಯಾನ್‌ಗೂ ಇದು ಇದ್ದದ್ದೇ. ನಿಮ್ಮ ಮೇಲೆ ಅನುಮಾನ ಎಂದು ತಿಳಿಯಬೇಡಿ.

ಒಳಗೆ ಮಲಗಿಸಿ ಹೊಟ್ಟೆಯ ಮೇಲೆ ಜೆಲ್ ಹಚ್ಚುತ್ತಾರೆ. ತಣ್ಣಗಿರುತ್ತದೆ. ಆಮೇಲೆ ಕೈಯಲ್ಲಿ ಹಿಡಿಯುವ ಪ್ರೋಬ್ ಅನ್ನು ಹೊಟ್ಟೆಯ ಮೇಲೆ ಆಡಿಸುತ್ತಾರೆ. ನೋವಿಲ್ಲ. ಮಗು ಅಡ್ಡ ತಿರುಗಿದ್ದರೆ ಸ್ವಲ್ಪ ಒತ್ತಿ ನೋಡುತ್ತಾರೆ, ಆಗ ಮೂತ್ರ ಒತ್ತಿ ಬಂದಂತೆ ಆಗಬಹುದು. ಎಂಟನೇ ವಾರದಲ್ಲಿ ನೀರು ಕುಡಿಸಿ ಕೂರಿಸಿದ್ದರೇನೋ, ಈಗ ಅಷ್ಟೆಲ್ಲ ಬೇಕಾಗುವುದಿಲ್ಲ. ಗರ್ಭಕೋಶದ ಬಾಯಿ ಎಷ್ಟು ಉದ್ದ ಇದೆ, ಮಾಸು ಅದಕ್ಕೆ ಎಷ್ಟು ಹತ್ತಿರ ಇದೆ ಎಂದು ನೋಡಲು ಕೆಲವೊಮ್ಮೆ ಒಳಗಿನಿಂದ ಸ್ಕ್ಯಾನ್ ಮಾಡಬೇಕಾಗುತ್ತದೆ. ಬೆರಳಿನಷ್ಟು ದಪ್ಪದ ಪ್ರೋಬ್‌ಗೆ ಶುಭ್ರವಾದ ಕವರ್ ಹಾಕಿ ಮಾಡುತ್ತಾರೆ. ಮೊದಲು ನಿಮ್ಮನ್ನು ಕೇಳಬೇಕು, ಜೊತೆಗೆ ಒಬ್ಬ ಹೆಂಗಸು ಇರಬೇಕು. ಅದರಿಂದ ಮಗುವಿಗೆ ಏನೂ ಆಗುವುದಿಲ್ಲ. ಬೇಡ ಎನಿಸಿದರೆ ಬೇಡ ಎಂದು ಹೇಳುವ ಹಕ್ಕು ನಿಮಗಿದೆ.

ಸುಮಾರು 20ರಿಂದ 40 ನಿಮಿಷ ಹಿಡಿಯುತ್ತದೆ. ತಲೆಯಿಂದ ಶುರು ಮಾಡಿದರೆ ಮಿದುಳಿನ ಎರಡು ಭಾಗ, ಅದರೊಳಗಿನ ನೀರಿನ ಕೋಣೆಗಳು, ಹಿಂಭಾಗದ ಚಿಕ್ಕ ಮಿದುಳು. ಆಮೇಲೆ ತುಟಿ ಸೀಳಿದೆಯಾ ಎಂದು ಮುಖ. ಬೆನ್ನುಹುರಿಯನ್ನು ಕೊನೆಯ ಮೂಳೆಯವರೆಗೂ ನೋಡುತ್ತಾರೆ. ಹೃದಯದಲ್ಲಿ ನಾಲ್ಕು ಕೋಣೆ ಇವೆಯಾ, ಅಲ್ಲಿಂದ ಹೊರಡುವ ದೊಡ್ಡ ರಕ್ತನಾಳಗಳು ಸರಿಯಾದ ಕಡೆಗೆ ಹೋಗುತ್ತಿವೆಯಾ ಎಂದು ನೋಡುತ್ತಾರೆ. ಅತಿ ಹೆಚ್ಚು ಹೊತ್ತು ಹಿಡಿಯುವುದು ಇದೇ. ಹೊಟ್ಟೆಯ ಗೋಡೆ ಮುಚ್ಚಿದೆಯಾ, ಕಿಡ್ನಿ ಎರಡೂ ಇವೆಯಾ, ಮೂತ್ರಕೋಶ ತುಂಬಿ ಖಾಲಿಯಾಗುತ್ತಿದೆಯಾ, ಕೈಕಾಲಿನ ಉದ್ದ ಎಷ್ಟು, ಹೀಗೆ ಸಾಗುತ್ತದೆ. ಕೊನೆಗೆ ಮಾಸು, ನೀರು, ಗರ್ಭಕೋಶದ ಬಾಯಿ. ಇಷ್ಟನ್ನೂ ಐದು ನಿಮಿಷದಲ್ಲಿ ಯಾರೂ ನೋಡಲಾರರು. ಯಾರಾದರೂ ಹಾಗೆ ಮುಗಿಸಿದರೆ, ಏನೇನು ನೋಡಿದಿರಿ ಎಂದು ಕೇಳಿ.

ಮಗು ಬೆನ್ನು ಮೇಲೆ ಮಾಡಿ ಮಲಗಿದ್ದರೆ ಹೃದಯ ಕಾಣುವುದಿಲ್ಲ. "ಹೋಗಿ ಒಂದು ರೌಂಡ್ ನಡೆದು, ಏನಾದರೂ ತಿಂದು ಬನ್ನಿ" ಎನ್ನುತ್ತಾರೆ. ತಕ್ಷಣ ಎದೆ ಹೊಡೆದುಕೊಳ್ಳುತ್ತದೆ, ಏನೋ ತೊಂದರೆ ಇರಬೇಕು, ನನಗೆ ಹೇಳುತ್ತಿಲ್ಲ ಎಂದು. ಹಾಗಲ್ಲ. ಮಗು ತಿರುಗಲಿ ಎಂದು ಕಾಯುತ್ತಿದ್ದಾರೆ, ಅಷ್ಟೆ. ಹೊಟ್ಟೆಯ ಮೇಲೆ ಕೊಬ್ಬು ಜಾಸ್ತಿ ಇದ್ದವರಿಗೆ ಚಿತ್ರ ಮಸುಕಾಗುತ್ತದೆ, ಇನ್ನೊಂದು ವಾರ ಬಿಟ್ಟು ಬನ್ನಿ ಎನ್ನುವುದೂ ಉಂಟು. ಕಾಣದಿದ್ದದ್ದನ್ನು ಕಂಡಿತು ಎಂದು ಬರೆಯುವ ಡಾಕ್ಟರಿಗಿಂತ, ಮತ್ತೆ ಬನ್ನಿ ಎನ್ನುವ ಡಾಕ್ಟರು ಮೇಲು.

ಇನ್ನು ಆ ಮೌನದ ವಿಷಯ. ಸ್ಕ್ಯಾನ್ ಮಾಡುವಾಗ ನಮ್ಮ ಕಣ್ಣು, ಕೈ, ಲೆಕ್ಕ ಮೂರೂ ಒಟ್ಟಿಗೆ ಕೆಲಸ ಮಾಡುತ್ತಿರುತ್ತವೆ. ಮಾತಾಡಿದರೆ ಒಂದು ಅಳತೆ ತಪ್ಪುತ್ತದೆ. ಶುರುವಿನ ವರ್ಷಗಳಲ್ಲಿ ನಾನೂ ಸುಮ್ಮನೇ ಸ್ಕ್ಯಾನ್ ಮಾಡಿ ಕಳಿಸುತ್ತಿದ್ದೆ. ಒಂದು ದಿನ ಒಬ್ಬ ಹುಡುಗಿ ಹೊರಗೆ ಹೋಗಿ ಬೆಂಚಿನ ಮೇಲೆ ಕೂತು ಅಳುತ್ತಿದ್ದಳು. ಅವಳ ಮಗುವಿಗೆ ಏನೂ ಆಗಿರಲಿಲ್ಲ. ನಾನು ಮಾತಾಡಲಿಲ್ಲ ಎಂಬುದೇ ಅವಳಿಗೆ ಕೆಟ್ಟ ಸುದ್ದಿಯಾಗಿ ಕೇಳಿಸಿತ್ತು. ಅಂದಿನಿಂದ ಮೊದಲೇ ಹೇಳಿಬಿಡುತ್ತೇನೆ, "ಹದಿನೈದು ನಿಮಿಷ ನಾನು ಮಾತಾಡಲ್ಲ, ಆಮೇಲೆ ಸ್ಕ್ರೀನ್ ತಿರುಗಿಸಿ ಎಲ್ಲ ತೋರಿಸ್ತೀನಿ" ಎಂದು. ನಿಮ್ಮ ಡಾಕ್ಟರು ಹೀಗೆ ಹೇಳದಿದ್ದರೆ ನೀವೇ ಕೇಳಿ. "ಡಾಕ್ಟ್ರೇ, ಕೊನೆಗೆ ಎರಡು ನಿಮಿಷ ನನಗೆ ಅರ್ಥ ಆಗೋ ಹಾಗೆ ಹೇಳ್ತೀರಾ?" ಹೀಗೆ ಕೇಳಿದರೆ ಯಾರೂ ಇಲ್ಲ ಎನ್ನುವುದಿಲ್ಲ. ಒಳಗೆ ಗಂಡ ಬರಬಹುದಾ ಎಂದೂ ಕೇಳಿ ನೋಡಿ. ಕೆಲವು ಕಡೆ ಬಿಡುತ್ತಾರೆ, ಕೆಲವು ಕಡೆ ಇಲ್ಲ. ಮೊಬೈಲ್ ಮಾತ್ರ ಸಾಮಾನ್ಯವಾಗಿ ಹೊರಗೇ.

ಈಗ ಪಕ್ಕದ ಮನೆಯ ಅಕ್ಕನ ಆ ಚುಕ್ಕೆ. ಸಾಧ್ಯವಾದರೆ ಈ ಭಾಗವನ್ನು ಅವರಿಗೂ ಓದಿ ಹೇಳಿ. ಮಗುವಿನ ಹೃದಯದ ಒಳಗೆ ಒಂದು ಚಿಕ್ಕ ಸ್ನಾಯುವಿನ ಮೇಲೆ ಸ್ವಲ್ಪ ಸುಣ್ಣದ ಅಂಶ ಕೂತಿದ್ದರೆ ಸ್ಕ್ಯಾನ್‌ನಲ್ಲಿ ಬೆಳ್ಳಗೆ ಮಿನುಗುತ್ತದೆ. ರಿಪೋರ್ಟ್‌ನಲ್ಲಿ ಅದಕ್ಕೆ ಎಕೋಜೆನಿಕ್ ಫೋಕಸ್ ಎಂದು ಬರೆಯುತ್ತಾರೆ. 100 ಬಸಿರಲ್ಲಿ ಮೂರರಿಂದ ಐದರಲ್ಲಿ ಕಾಣುತ್ತದೆ. ಅದು ಹೃದಯದ ಕಾಯಿಲೆ ಅಲ್ಲ, ತೂತೂ ಅಲ್ಲ. ಹೃದಯ ಬಡಿಯುವುದಕ್ಕೆ ಅದರಿಂದ ಅಡ್ಡಿಯಿಲ್ಲ. ಡೌನ್ ಸಿಂಡ್ರೋಮ್ ಇರುವ ಮಕ್ಕಳಲ್ಲಿ ಇದು ಸ್ವಲ್ಪ ಹೆಚ್ಚಾಗಿ ಕಾಣುವುದರಿಂದ ಬರೆಯುತ್ತಾರೆ. ಬೇರೆ ಎಲ್ಲ ಸರಿಯಿದ್ದು, ರಕ್ತ ಪರೀಕ್ಷೆಯೂ ಚೆನ್ನಾಗಿದ್ದರೆ ಅದನ್ನು ಅಲ್ಲಿಗೇ ಬಿಡಬಹುದು. ಮಿದುಳಿನಲ್ಲಿ ಕೊರಾಯ್ಡ್ ಪ್ಲೆಕ್ಸಸ್ ಸಿಸ್ಟ್ ಎಂದು ಬರೆದಿದ್ದರೂ ಹೀಗೇ. ಸಿಸ್ಟ್ ಎಂದ ಕೂಡಲೇ ಗೆಡ್ಡೆ ಎಂದು ಹೆದರುತ್ತಾರೆ. ಅದು ಒಂದು ಹನಿ ನೀರಿನ ಗುಳ್ಳೆ. ಹೆಚ್ಚಿನವು ಏಳನೇ ತಿಂಗಳ ಹೊತ್ತಿಗೆ ತಾವೇ ಇಲ್ಲವಾಗುತ್ತವೆ. ಆ ಅಕ್ಕನನ್ನು ತಿಂಗಳೆಲ್ಲ ಅಳಿಸಿದ್ದು ಆ ಚುಕ್ಕೆ ಅಲ್ಲ. ಅದನ್ನು ಬಿಡಿಸಿ ಹೇಳುವವರು ಸಿಗದೆ ಹೋದದ್ದು. ಇದು ನಮ್ಮ ವೈದ್ಯರ ಕಡೆಯ ಕೊರತೆ, ಒಪ್ಪಿಕೊಳ್ಳಲೇಬೇಕು.

"ಮಾಸು ಕೆಳಗಿದೆ" ಎಂದು ಬಂದರೂ ಗಾಬರಿಯಾಗಬೇಡಿ. ಐದನೇ ತಿಂಗಳಲ್ಲಿ ಬಹಳ ಜನರಿಗೆ ಹಾಗಿರುತ್ತದೆ. ಗರ್ಭಕೋಶ ಬೆಳೆದಂತೆ ಕೆಳಭಾಗ ಹಿಗ್ಗಿ ಮಾಸು ಬಾಯಿಯಿಂದ ದೂರವಾಗುತ್ತದೆ. ಹತ್ತರಲ್ಲಿ ಒಂಬತ್ತು ಜನಕ್ಕೆ ಹೀಗೆ ಸರಿಹೋಗುತ್ತದೆ. 32ನೇ ವಾರದಲ್ಲಿ ಮತ್ತೆ ನೋಡುತ್ತಾರೆ. ಅಲ್ಲಿಯವರೆಗೆ ರಕ್ತ ಕಂಡರೆ ಮಾತ್ರ, ಒಂದೇ ಒಂದು ಹನಿಯಾದರೂ ಸರಿ, ಕಾಯದೆ ಆಸ್ಪತ್ರೆಗೆ ಹೋಗಿ. ಮಾಸು ಮುಂದಿದೆ, ಹಿಂದಿದೆ ಎಂದು ಬರೆಯುವುದಕ್ಕೂ ಗಂಡು ಹೆಣ್ಣಿಗೂ ಸಂಬಂಧವೇ ಇಲ್ಲ. ಹಾರ್ಟ್‌ಬೀಟ್ ಸಂಖ್ಯೆಗೂ ಇಲ್ಲ. ಮಾಸು ಮುಂದಿದ್ದರೆ ಮಗುವಿನ ಒದೆತ ಸ್ವಲ್ಪ ತಡವಾಗಿ ಗೊತ್ತಾಗಬಹುದು, ಅಷ್ಟೆ.

ಕೊನೆಯ ತಿಂಗಳ ರಿಪೋರ್ಟ್‌ಗಳಲ್ಲಿ "ಕುತ್ತಿಗೆಗೆ ಕರುಳುಬಳ್ಳಿ ಸುತ್ತಿದೆ" ಎಂಬ ಸಾಲು ಬಂದರೆ ಇಡೀ ಮನೆ ನಡುಗುತ್ತದೆ. ಸುಮಾರು ನಾಲ್ಕು ಮಕ್ಕಳಲ್ಲಿ ಒಂದು ಹಾಗೇ ಹುಟ್ಟುತ್ತದೆ. ಮಗು ಉಸಿರಾಡುವುದು ಮೂಗಿನಿಂದ ಅಲ್ಲವಲ್ಲ, ಕುತ್ತಿಗೆ ಬಿಗಿದು ಉಸಿರುಕಟ್ಟಲು? ಬಳ್ಳಿಯೊಳಗೆ ರಕ್ತ ಹರಿಯುತ್ತಿದ್ದರೆ ಸಾಕು. ಅದೊಂದೇ ಕಾರಣಕ್ಕೆ ಆಪರೇಷನ್ ಬೇಕಿಲ್ಲ. ಮಗುವಿನ ತೂಕ ಎಂದು ಬರೆಯುವ ಸಂಖ್ಯೆಯೂ ಅಂದಾಜು. ನೂರಕ್ಕೆ ಹತ್ತು ಹದಿನೈದರಷ್ಟು ಹೆಚ್ಚುಕಮ್ಮಿ ಆಗುತ್ತದೆ. 3 ಕೆಜಿ ಎಂದು ಬರೆದದ್ದು 2 ಕೆಜಿ 600 ಗ್ರಾಂ ಇರಬಹುದು, ಮೂರೂವರೆ ಹತ್ತಿರವೂ ಇರಬಹುದು.

ಇಷ್ಟೆಲ್ಲ ನೋಡಿಯೂ ಸ್ಕ್ಯಾನ್ ಎಲ್ಲವನ್ನೂ ಹೇಳುವುದಿಲ್ಲ. "ನಾರ್ಮಲ್" ಎಂದರೆ, ಆ ದಿನ ಕಂಡಷ್ಟರಲ್ಲಿ ತೊಂದರೆ ಕಾಣಲಿಲ್ಲ ಎಂದರ್ಥ. ಕಿವಿ ಕೇಳಿಸುತ್ತದಾ, ಕಣ್ಣು ಕಾಣುತ್ತದಾ, ಬುದ್ಧಿ ಹೇಗೆ, ಆಟಿಸಂ ಇದೆಯಾ, ಇದ್ಯಾವುದೂ ತಿಳಿಯುವುದಿಲ್ಲ. ಹೃದಯದಲ್ಲಿ ಎರಡು ದಾರಿಗಳು ಹುಟ್ಟುವವರೆಗೆ ಎಲ್ಲ ಮಕ್ಕಳಲ್ಲೂ ತೆರೆದೇ ಇರುತ್ತವೆ. ಅವು ಮುಚ್ಚದೆ ಉಳಿದದ್ದು ಹುಟ್ಟಿದ ಮೇಲಷ್ಟೇ ಗೊತ್ತಾಗುತ್ತದೆ. ಡೌನ್ ಸಿಂಡ್ರೋಮ್ ಇರುವ ಎಷ್ಟೋ ಮಕ್ಕಳು ಈ ಸ್ಕ್ಯಾನ್‌ನಲ್ಲಿ ಪೂರ್ತಿ ಸರಿಯಾಗೇ ಕಾಣುತ್ತವೆ. ರಕ್ತ ಪರೀಕ್ಷೆಯ ಬಗ್ಗೆ ಈ ವಾರವೇ ಮಾತಾಡಿ ಎಂದದ್ದು ಅದಕ್ಕೇ.

ಅತ್ತೆಯವರ ಭಯಕ್ಕೆ ಬರುತ್ತೇನೆ. ಅವರು ಹೇಳುತ್ತಿರುವುದು ಮಗುವಿನ ಮೇಲಿನ ಪ್ರೀತಿಯಿಂದ. ಅವರ ಕಾಲದಲ್ಲಿ ಬಸುರಿಯರು ಎಕ್ಸ್‌ರೇ ಹತ್ತಿರ ಹೋಗಬಾರದು ಎಂದು ಕೇಳಿರುತ್ತಾರೆ, ಅದು ಸರಿಯಾದ ಮಾತೇ. ಆದರೆ ಸ್ಕ್ಯಾನ್‌ನಲ್ಲಿ ಕಿರಣ ಇಲ್ಲ, ಇರುವುದು ಶಬ್ದ. ಸೆಕೆಂಡಿಗೆ 20,000 ಕಂಪನ ದಾಟಿದ ಶಬ್ದ ನಮ್ಮ ಕಿವಿಗೆ ಕೇಳುವುದಿಲ್ಲ. ಈ ಯಂತ್ರ ಬಳಸುವುದು ಸೆಕೆಂಡಿಗೆ ಹತ್ತಾರು ಲಕ್ಷ ಕಂಪನಗಳ ಶಬ್ದ. ಅದು ಒಳಗೆ ಹೋಗಿ, ಬಾವಿಯಲ್ಲಿ ಕೂಗಿದ ದನಿಯಂತೆ ತಿರುಗಿ ಬರುತ್ತದೆ. ಆ ಮಾರ್ದನಿಯಿಂದಲೇ ಚಿತ್ರ ಮೂಡುತ್ತದೆ. ಗ್ಲಾಸ್ಗೋದಲ್ಲಿ ಇಯಾನ್ ಡೊನಾಲ್ಡ್ ಮತ್ತು ಸಂಗಡಿಗರು ಇದನ್ನು ಬಸುರಿಯರಿಗೆ ಬಳಸಿ 1958ರಲ್ಲಿ ಬರೆದು ಪ್ರಕಟಿಸಿದರು. ಅಂದಿನಿಂದ ಇಂದಿನವರೆಗೆ, ಸರಿಯಾಗಿ ಮಾಡಿದ ಸ್ಕ್ಯಾನ್‌ನಿಂದ ಮಗುವಿಗೆ ಕೆಡುಕಾಗುತ್ತದೆ ಎಂದು ಸಾಬೀತಾಗಿಲ್ಲ. ಹಾಗೆಂದು ಬೇಕಾಬಿಟ್ಟಿ ಮಾಡುವುದೂ ಸರಿಯಲ್ಲ. ಶಬ್ದ ಹೊಕ್ಕ ಕಡೆ ಸ್ವಲ್ಪ ಬಿಸಿ ಹುಟ್ಟುತ್ತದೆ. ಅದಕ್ಕೇ ಬೇಕಾದಷ್ಟೇ ಹೊತ್ತು, ಬೇಕಾದಷ್ಟೇ ಶಕ್ತಿ ಎಂಬುದು ನಮ್ಮ ನಿಯಮ. ಮೊದಲ ತಿಂಗಳುಗಳಲ್ಲಿ ಕಾರಣವಿಲ್ಲದೆ ಡಾಪ್ಲರ್ (ರಕ್ತ ಹರಿಯುವುದನ್ನು ನೋಡುವ ವಿಧಾನ) ಹಾಕುವುದಿಲ್ಲ. "ಅತ್ತೆ, ಮೂರು ಸಲಕ್ಕಿಂತ ಜಾಸ್ತಿ ಸುಮ್ನೆ ಮಾಡಿಸಲ್ಲ" ಎಂದು ನೀವು ಧೈರ್ಯವಾಗಿ ಹೇಳಬಹುದು. ವಿಶ್ವ ಆರೋಗ್ಯ ಸಂಸ್ಥೆ 2016ರಲ್ಲಿ ಕೊಟ್ಟ ಸಲಹೆಯಲ್ಲಿ, 24 ವಾರದೊಳಗೆ ಒಂದು ಸ್ಕ್ಯಾನ್ ಆಗಲೇಬೇಕು ಎಂದಿದೆ. ನಮ್ಮ ಕಡೆ ಅದಕ್ಕಿಂತ ಒಂದೆರಡು ಹೆಚ್ಚು ಮಾಡುತ್ತೇವೆ. ಬಿಪಿ, ಸಕ್ಕರೆ, ಅವಳಿ, ಮಗು ಬೆಳೆಯದಿರುವುದು, ಇಂಥದ್ದೇನಾದರೂ ಇದ್ದರೆ ಇನ್ನೂ ಜಾಸ್ತಿ ಬೇಕಾಗುತ್ತದೆ. ಏನೂ ಇಲ್ಲದಿದ್ದರೆ ತಿಂಗಳಿಗೊಂದು ಬೇಕಿಲ್ಲ.

ಫೋರ್‌ಡಿ ನಿಮಗೆ ಬೇಡ. ಅದು ಮಗುವಿನ ಮುಖವನ್ನು ಫೋಟೋದ ಹಾಗೆ ತೋರಿಸುತ್ತದೆ. ತುಟಿ, ಬೆನ್ನು ಅಥವಾ ಕೈಕಾಲಿನಲ್ಲಿ ಅನುಮಾನ ಬಂದಾಗ ನಮಗೆ ಉಪಯೋಗಕ್ಕೆ ಬರುತ್ತದೆ. ತೊಂದರೆ ಹುಡುಕುವ ಕೆಲಸ ಸಾಧಾರಣ ಕಪ್ಪುಬಿಳುಪು ಚಿತ್ರದಲ್ಲೇ ಆಗುತ್ತದೆ. ಬರೀ ಮುಖ ನೋಡುವ ಆಸೆಗೆ ಎಂದು ಸ್ಕ್ಯಾನ್ ಮಾಡಲು ನಮ್ಮ ಕಾನೂನಿನಲ್ಲಿ ಅವಕಾಶವೂ ಇಲ್ಲ, ವೈದ್ಯಕೀಯ ಕಾರಣ ಬೇಕು. ಇಂಗ್ಲೆಂಡಿನಲ್ಲಿರುವ ನೆಂಟರು ವಿಡಿಯೋ ಕಳಿಸಿ "ನಮಗೆ ಹೆಣ್ಣು ಮಗು ಅಂತ ಹೇಳಿದ್ರು" ಎನ್ನುವುದುಂಟು. ಅಲ್ಲಿ ಸರ್ಕಾರಿ ವ್ಯವಸ್ಥೆಯಲ್ಲಿ ಸಾಮಾನ್ಯವಾಗಿ ಎರಡೇ ಸ್ಕ್ಯಾನ್, ಮೂರನೇ ತಿಂಗಳ ಹೊತ್ತಿಗೆ ಒಂದು, ಐದನೇ ತಿಂಗಳಿಗೆ ಒಂದು. ಉಳಿದದ್ದನ್ನು ಜನ ದುಡ್ಡು ಕೊಟ್ಟು ಪ್ರೈವೇಟ್‌ನಲ್ಲಿ ಮಾಡಿಸಿಕೊಳ್ಳುತ್ತಾರೆ. ಅಲ್ಲಿಯ ರೀತಿ ಬೇರೆ, ನಮ್ಮದು ಬೇರೆ.

ನಮ್ಮದು ಯಾಕೆ ಬೇರೆ ಎಂದು ಹೇಳದೆ ಮುಂದೆ ಹೋಗಲು ಮನಸ್ಸಾಗುತ್ತಿಲ್ಲ. 1994ರಲ್ಲಿ ಲಿಂಗ ಪತ್ತೆ ತಡೆಯುವ ಕಾನೂನು ಬಂತು. 2003ರಲ್ಲಿ ಇನ್ನಷ್ಟು ಬಿಗಿಯಾಯಿತು. ಆದರೂ 2023ರಲ್ಲಿ ನಮ್ಮ ಮಂಡ್ಯ ಜಿಲ್ಲೆಯ ಒಂದು ಆಲೆಮನೆಯಲ್ಲಿ ಕದ್ದುಮುಚ್ಚಿ ಸ್ಕ್ಯಾನ್ ಮಾಡುತ್ತಿದ್ದದ್ದು ಬಯಲಾಯಿತು. ಬೆಲ್ಲ ಬೇಯಿಸುವ ಜಾಗದಲ್ಲಿ ಹೆಣ್ಣುಮಗುವಿಗೆ ಹುಡುಕಾಟ. ಅದನ್ನು ಓದಿದ ದಿನ ನನಗೆ ಯಂತ್ರ ಮುಟ್ಟಲು ಕೈ ಬರಲಿಲ್ಲ. ಮಗುವನ್ನು ಉಳಿಸಲು ಕಲಿತ ವಿದ್ಯೆ ಅದು. ನಿಮ್ಮ ಪ್ರಶ್ನೆಯಲ್ಲಿ ಇದರ ಮಾತೇ ಇಲ್ಲ, ಅದು ನನಗೆ ತುಂಬಾ ಸಂತೋಷ. ಆದರೆ ಹೊರಗಿನ ಯಾರಾದರೂ "ಗೊತ್ತಿರೋರು ಇದ್ದಾರೆ, ಹೇಳಿಸ್ತೀನಿ" ಎಂದು ಬಂದರೆ ಹತ್ತಿರ ಸೇರಿಸಬೇಡಿ. ಹೇಳಿದ ಡಾಕ್ಟರಿಗೂ ಜೈಲು, ಕೇಳಿಸಿದವರಿಗೂ ಮೊದಲ ಸಲಕ್ಕೇ ಮೂರು ವರ್ಷದವರೆಗೆ ಜೈಲು ಮತ್ತು 50,000 ರೂಪಾಯಿವರೆಗೆ ದಂಡ. ಬಸುರಿಯನ್ನು ಗಂಡನೋ ಮನೆಯವರೋ ಬಲವಂತ ಮಾಡಿದ್ದಾರೆ ಎಂದೇ ಕಾನೂನು ಮೊದಲು ನೋಡುತ್ತದೆ.

ಖರ್ಚಿನ ವಿಷಯ. ಊರಿಂದ ಊರಿಗೆ, ಸೆಂಟರ್‌ನಿಂದ ಸೆಂಟರ್‌ಗೆ ದರ ಬೇರೆ. ಅನಾಮಲಿ ಸ್ಕ್ಯಾನ್ ಹೊತ್ತು ಹಿಡಿಯುವುದರಿಂದ ಸಾಧಾರಣ ಸ್ಕ್ಯಾನ್‌ಗಿಂತ ಜಾಸ್ತಿಯಾಗುತ್ತದೆ. ಖಾಸಗಿ ಆಸ್ಪತ್ರೆ, ಸೆಂಟರ್‌ಗಳು ದರಪಟ್ಟಿಯನ್ನು ಎದುರಿಗೇ ಹಾಕಿರಬೇಕು ಎಂದು ನಮ್ಮ ರಾಜ್ಯದ ಕಾನೂನೇ ಹೇಳುತ್ತದೆ. ಹೋಗುವ ಮುಂಚೆ ಫೋನ್ ಮಾಡಿ ಕೇಳಿ. ಪೂರ್ತಿ ದರ ಎಷ್ಟು, ಮಗು ತಿರುಗದೆ ಎರಡನೇ ಸಲ ಬರಬೇಕಾದರೆ ಮತ್ತೆ ಕೊಡಬೇಕಾ, ಐದನೇ ತಿಂಗಳ ಸ್ಕ್ಯಾನ್ ಮಾಡುವ ಡಾಕ್ಟರು ಯಾವ ದಿನ ಇರುತ್ತಾರೆ. ಈ ಮೂರನೆಯದು ಬಹಳ ಮುಖ್ಯ. ಯಂತ್ರ ಎಷ್ಟೇ ಹೊಸದಿರಲಿ, ನೋಡುವ ಕಣ್ಣು ಪಳಗಿರಬೇಕು. ರೇಡಿಯಾಲಜಿಸ್ಟ್ (ಸ್ಕ್ಯಾನ್ ತಜ್ಞರು) ಅಥವಾ ಫೀಟಲ್ ಮೆಡಿಸಿನ್ (ಹೊಟ್ಟೆಯೊಳಗಿನ ಮಗುವಿನ ವೈದ್ಯ) ಓದಿದವರಿದ್ದರೆ ಒಳ್ಳೆಯದು.

ದುಡ್ಡು ಕಷ್ಟವಾದರೆ ಇದನ್ನೂ ಕೇಳಿ. ಸರ್ಕಾರಿ ಆಸ್ಪತ್ರೆಗಳಲ್ಲಿ ಬಸುರಿಯರಿಗೆ ಸ್ಕ್ಯಾನ್ ಸೇರಿ ಪರೀಕ್ಷೆಗಳು ಉಚಿತವಾಗಿರಬೇಕು ಎಂಬ ಜನನಿ ಶಿಶು ಸುರಕ್ಷಾ ಕಾರ್ಯಕ್ರಮ 2011ರಿಂದ ಇದೆ. 2016ರಿಂದ ಪ್ರತಿ ತಿಂಗಳ 9ನೇ ತಾರೀಖು ಸರ್ಕಾರಿ ಆಸ್ಪತ್ರೆಗಳಲ್ಲಿ ಬಸುರಿಯರಿಗಾಗಿಯೇ ವೈದ್ಯರು ಕೂರುತ್ತಾರೆ. ತಾಲ್ಲೂಕು ಆಸ್ಪತ್ರೆಯಲ್ಲೋ ಜಿಲ್ಲಾ ಆಸ್ಪತ್ರೆಯಲ್ಲೋ ಅನಾಮಲಿ ಸ್ಕ್ಯಾನ್‌ಗೆ ದಿನ ಸಿಗುತ್ತದಾ ಎಂದು ನಿಮ್ಮ ಆಶಾ ಕಾರ್ಯಕರ್ತೆಯನ್ನು ಕೇಳಿ. ಸಿಕ್ಕರೆ ಅಲ್ಲೇ ಮಾಡಿಸಿ, ಯಾವ ಕೊರತೆಯೂ ಇಲ್ಲ. ಕೆಲವು ಕಡೆ ಯಂತ್ರ ಇದ್ದರೂ ನೋಡುವವರು ವಾರಕ್ಕೆ ಕೆಲವೇ ದಿನ ಬರುತ್ತಾರೆ, ಸರದಿ ಉದ್ದ ಇರುತ್ತದೆ. ನಿಮ್ಮ ಸರದಿ 20 ವಾರ ದಾಟುವಂತಿದ್ದರೆ ಮಾತ್ರ ಪ್ರೈವೇಟ್‌ಗೆ ಹೋಗಿ.

ಒಂದು ವೇಳೆ ನಿಜವಾಗಿಯೂ ಏನಾದರೂ ಕಂಡರೆ? ಆ ಹೊತ್ತಿನಲ್ಲಿ ಯಾರು ಹೇಳಿದ್ದೂ ತಲೆಗೆ ಹೋಗುವುದಿಲ್ಲ. ಗಂಡನನ್ನೋ ಅಮ್ಮನನ್ನೋ ಒಳಗೆ ಕರೆಯಲು ಹೇಳಿ. ತೊಂದರೆಯ ಹೆಸರನ್ನು ಕಾಗದದ ಮೇಲೆ ಬರೆಸಿಕೊಳ್ಳಿ. ಆ ದಿನ ಯಾವ ತೀರ್ಮಾನವನ್ನೂ ಮಾಡಬೇಡಿ. ಒಂದು ಸ್ಕ್ಯಾನ್‌ನ ಮೇಲೆ ಯಾರೂ ಕೊನೆಯ ಮಾತು ಹೇಳಬಾರದು. ಬೆಂಗಳೂರು, ಮೈಸೂರು, ಮಂಗಳೂರಿನಂಥ ಕಡೆ ಫೀಟಲ್ ಮೆಡಿಸಿನ್ ತಜ್ಞರಿದ್ದಾರೆ. ಅವರು ಮತ್ತೆ ನೋಡಿ, ಹುಟ್ಟಿದ ಮೇಲೆ ಸರಿಪಡಿಸಬಹುದಾದದ್ದೇ ಎಂದು ಮಕ್ಕಳ ಸರ್ಜನ್ ಹತ್ತಿರವೂ ಮಾತಾಡಿಸುತ್ತಾರೆ. ಸೀಳುತುಟಿ, ಕಿಡ್ನಿಯಲ್ಲಿ ನೀರು ತುಂಬಿರುವುದು, ಒಳಕ್ಕೆ ತಿರುಗಿದ ಪಾದ, ಕೆಲವು ಹೃದಯದ ತೊಂದರೆಗಳು, ಇವನ್ನೆಲ್ಲ ಮುಂಚೆ ಗೊತ್ತಿದ್ದರೆ ಚೆನ್ನಾಗಿ ನಿಭಾಯಿಸಬಹುದು. ಹೆರಿಗೆಯನ್ನು ಯಾವ ಆಸ್ಪತ್ರೆಯಲ್ಲಿ ಮಾಡಿಸಬೇಕು ಎಂದು ಮೊದಲೇ ಗೊತ್ತು ಮಾಡಿಕೊಂಡರೆ ಮಗು ಹುಟ್ಟಿದ ರಾತ್ರಿ ಆಂಬುಲೆನ್ಸ್ ಹತ್ತಿ ಅಲೆಯುವುದು ತಪ್ಪುತ್ತದೆ.

ಇದು ಮುಗಿದ ಮೇಲೆ ಏನೂ ತೊಂದರೆ ಇಲ್ಲದಿದ್ದರೆ ಮುಂದಿನದು 32ನೇ ವಾರದ ಸುಮಾರಿಗೆ ಬೆಳವಣಿಗೆ ನೋಡುವ ಸ್ಕ್ಯಾನ್. ಮಧ್ಯದಲ್ಲಿ ಒದೆತ ಕಡಿಮೆಯಾದರೆ, ನೀರು ಹೋದರೆ, ತಲೆನೋವಿನ ಜೊತೆ ಕಣ್ಣು ಮಂಜಾದರೆ ಸ್ಕ್ಯಾನ್ ದಿನಕ್ಕೆ ಕಾಯಬೇಡಿ. 108ಕ್ಕೆ ಫೋನ್ ಮಾಡಿ ಆಸ್ಪತ್ರೆಗೆ ಹೋಗಿ.

ಹಾಸನಕ್ಕೆ ಹೊರಡುವ ದಿನ ಬೆಳಗ್ಗೆ ತಿಂಡಿ ತಿಂದೇ ಹೊರಡಿ, ಖಾಲಿ ಹೊಟ್ಟೆ ಬೇಕಿಲ್ಲ. ಎರಡು ತುಂಡಿನ ಉಡುಪು ಅಥವಾ ಸೀರೆ ಇದ್ದರೆ ಅನುಕೂಲ. ಚೀಲದಲ್ಲಿ ತಾಯಿ ಕಾರ್ಡ್, ಡಾಕ್ಟರ ಚೀಟಿ, ಆಧಾರ್, ಒಂದು ಬಾಟಲಿ ನೀರು, ಕಾಯುವಾಗ ತಿನ್ನಲು ಎರಡು ಬಾಳೆಹಣ್ಣು. ಅತ್ತೆಯವರು ಬರುತ್ತೇನೆ ಎಂದರೆ ಕರೆದುಕೊಂಡು ಹೋಗಿ. ಒಳಗೆ ಬಿಟ್ಟರೆ ಮಗುವಿನ ಎದೆಬಡಿತ ಅವರೂ ಕೇಳಲಿ. ಎಂಟನೇ ವಾರದ ಆ ಹಾಳೆಯನ್ನು ಮಾತ್ರ ಮರೆಯಬೇಡಿ.